ಪ್ಲೇಲಿಸ್ಟ್ ಆಮೇಲೆ, ಮೊದಲು ಒಂದು ಮೂಲೆ ಕೊಡಿ

ಸೆಮ್ ಎಕ್ಸಾಂ ಟೈಮ್‌ಟೇಬಲ್ ಬಂದ ದಿನವೇ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಎರಡು ಥರದ ಮೆಸೇಜು ಶುರುವಾಗುತ್ತವೆ. ಒಂದು, ‘ಯಾರಾದ್ರೂ ಮಾಡ್ಯೂಲ್ 4 ನೋಟ್ಸ್ ಹಾಕ್ರೋ’. ಇನ್ನೊಂದು, ಪ್ಲೇಲಿಸ್ಟ್ ಲಿಂಕು. ನೋಟ್ಸ್ ಬರೋಕೆ ಎರಡು ದಿನ ಹಿಡಿದರೆ ಪ್ಲೇಲಿಸ್ಟ್ ಎರಡೇ ನಿಮಿಷಕ್ಕೆ ಬಂದುಬಿಡುತ್ತೆ. ‘ಸ್ಟಡಿ ಮೋಡ್’, ‘ಲಾಸ್ಟ್ ನೈಟ್ ಪಾಸ್’, ‘ಬ್ಯಾಕ್‌ಲಾಗ್ ಕಿಲ್ಲರ್’ ಅಂತ ಹೆಸರು ಬೇರೆ. ಈ ಸಲ ನಮ್ಮ ಕನ್ನಡ ಕ್ಲಬ್ಬಿನಿಂದಲೇ ಒಂದು ‘ಪರೀಕ್ಷೆ ಸ್ಪೆಷಲ್’ ಹಾಡುಗಳ ಪಟ್ಟಿ ಹಾಕೋಣ ಅಂತ ಮಾತು ಬಂದಿದೆ. ಹಾಕಲಿ, ನನ್ನದೇನೂ ತಕರಾರಿಲ್ಲ. ಆದರೆ ಹಾಡು ಯಾವ ಕೆಲಸಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ ಅಂತ ಒಂದ್ಸಲ ಸರಿಯಾಗಿ ನೋಡಿ ಹಾಕಿದ್ರೆ ಒಳ್ಳೇದು ಅನ್ನೋದಕ್ಕೆ ಇದನ್ನ ಬರೀತಿದ್ದೀನಿ.

ಮೊದಲು ಹಾಡಿನ ಪರವಾಗಿ. ಬೆಳಿಗ್ಗೆ ಐದಕ್ಕೆ ಅಲಾರಂ ಹೊಡೆದಾಗ ಕಂಬಳಿ ಬಿಟ್ಟು ಏಳಿಸೋ ಶಕ್ತಿ ಫೂರಿಯೇ ಸೀರೀಸ್‌ಗೆ ಇಲ್ಲ. 2018ರ ‘ಕೆಜಿಎಫ್’ಗೆ ರವಿ ಬಸ್ರೂರು ಮಾಡಿದ ಮ್ಯೂಸಿಕ್ಕಿಗೆ ಇದೆ. ಇಂಟರ್ನಲ್ಸಲ್ಲಿ ಮಾರ್ಕ್ಸ್ ಹೋಗಿ ಮುಖ ಸಣ್ಣಗೆ ಮಾಡಿಕೊಂಡು ಕೂತವನಿಗೆ 2017ರ ‘ರಾಜಕುಮಾರ’ದಲ್ಲಿ ವಿಜಯ್ ಪ್ರಕಾಶ್ ಹಾಡಿದ ಹಾಡು ಕೇಳಿಸಿದ್ರೆ ಏನೋ ಒಂದು ಸಮಾಧಾನ ಆಗೋದು ನಿಜ. ಅಪ್ಪು ಹೋದಮೇಲೆ ಆ ಹಾಡು ಕೇಳೋ ರೀತಿಯೇ ಬದಲಾಗಿದೆ. ಇನ್ನು ಮೋಟಿವೇಶನ್ ಹಾಡು ಅಂದ ಕೂಡಲೇ ನಮ್ಮಪ್ಪನಂಥವರು ಹೇಳೋದು ಒಂದೇ, 1972ರ ‘ಬಂಗಾರದ ಮನುಷ್ಯ’. ಪಿ.ಬಿ. ಶ್ರೀನಿವಾಸ್ ದನಿ, ಜಿ.ಕೆ. ವೆಂಕಟೇಶ್ ಸಂಗೀತ. ಬರಡು ನೆಲದಲ್ಲಿ ರಾಜಣ್ಣ ಕೆಲಸಕ್ಕೆ ಇಳಿಯೋ ಹಾಡು. ಈ ಹಾಡಲ್ಲಿ ನನಗೆ ಇಷ್ಟವಾದ ವಿಷಯ ಏನಂದ್ರೆ, ಅಲ್ಲಿ ಯಾರೂ ಪುಸ್ತಕ ಹಿಡಿದು ಕೂತಿಲ್ಲ. ಎಲ್ಲಾ ಮೈಬಗ್ಗಿಸಿ ದುಡೀತಿದ್ದಾರೆ. ಅದು ಕೈಕಾಲಿನ ಹಾಡು.

ಇದೇ ಮಾತಿಗೆ ನಮ್ಮೂರಿನ ಉದಾಹರಣೆ ಕೊಡ್ತೀನಿ. ನಮ್ಮೂರು ಕುಕ್ಕುವಾಡ. ಭದ್ರಾ ಕಾಲುವೆ ನೀರು, ಭತ್ತ, ಕಬ್ಬು, ಈಗೀಗ ಎಲ್ಲಿ ನೋಡಿದ್ರೂ ಅಡಿಕೆ. ಸಕ್ಕರೆ ಕಾರ್ಖಾನೆ ಇರೋ ಊರು, ದಾವಣಗೆರೆ ಕಡೆಯವರಿಗೆ ಗೊತ್ತಿರುತ್ತೆ. ಕಬ್ಬು ನುರಿಸೋ ಹಂಗಾಮು ಬಂತು ಅಂದ್ರೆ ರಾತ್ರಿಯೆಲ್ಲ ಟ್ರ್ಯಾಕ್ಟರು. ಎರಡೆರಡು ಟ್ರೈಲರ್, ತಲೆ ಮಟ್ಟಕ್ಕಿಂತ ಮೇಲೆ ಕಬ್ಬು, ಡ್ರೈವರ್ ಸೀಟಿನ ಹಿಂದೆ ಎರಡು ದೊಡ್ಡ ಬಾಕ್ಸು. ಟ್ರ್ಯಾಕ್ಟರ್ ಕಾಣೋಕೆ ಮುಂಚೆ ಹಾಡು ಬರುತ್ತೆ, ಹೋಗಿ ಐದು ನಿಮಿಷ ಆದಮೇಲೂ ಹಾಡು ಕೇಳ್ತಿರುತ್ತೆ. ಜಾನಪದ ಡಿಜೆ, ಹಳೇ ಹಂಸಲೇಖ, ಒಮ್ಮೊಮ್ಮೆ ಹಿಂದಿ, ಒಮ್ಮೊಮ್ಮೆ ಯಾವ ಭಾಷೆ ಅಂತಲೇ ಗೊತ್ತಾಗಲ್ಲ, ಬರೀ ಧಡ್ ಧಡ್.

ಅವರಿಗೆ ಬೈಯೋದು ಸುಲಭ. ಆದರೆ ಬೆಳಿಗ್ಗೆ ಗದ್ದೆಯಲ್ಲಿ ಲೋಡ್ ಮಾಡಿಸಿ, ಮಧ್ಯರಾತ್ರಿ ಯಾರ್ಡಿನಲ್ಲಿ ಸರದಿ ಕಾದು, ಮತ್ತೆ ವಾಪಸ್ ಹೋಗೋ ಮನುಷ್ಯನಿಗೆ ಆ ಹಾಡೇ ಟೀ, ಆ ಹಾಡೇ ಜೊತೆಗಾರ. ಹಾಡು ನಿಂತ್ರೆ ಅವನಿಗೆ ನಿದ್ದೆ, ನಿದ್ದೆ ಬಂದ್ರೆ ಕಾಲುವೆ. ಅವನ ಪ್ಲೇಲಿಸ್ಟ್ ನಮ್ಮ ಎಲ್ಲರ ಪ್ಲೇಲಿಸ್ಟಿಗಿಂತ ನಿಯತ್ತಾಗಿ ಕೆಲಸ ಮಾಡ್ತಿದೆ. ಯಾಕಂದ್ರೆ ಅವನು ಹಾಡಿನಿಂದ ಕೇಳ್ತಿರೋದು ಒಂದೇ, ಎಚ್ಚರ ಇಡು ಅಂತ. ದಾರಿಯಲ್ಲಿ ಕೇಳಿದ್ದನ್ನ ನೆನಪಿಟ್ಟುಕೊಂಡು ಬೆಳಿಗ್ಗೆ ಒಂಬತ್ತೂವರೆಗೆ ಬರಿಯೋದು ಅವನಿಗಿಲ್ಲ.

ನಮಗಿದೆ. ಐದು ಮಾಡ್ಯೂಲು, ಒಂದೊಂದರಲ್ಲಿ ಇಪ್ಪತ್ತು ಮಾರ್ಕ್ಸಿನ ಒಂದು ಪೂರ್ತಿ ಪ್ರಶ್ನೆ, ಮೂರು ಗಂಟೆ.

‘ಮ್ಯೂಸಿಕ್ ಕೇಳಿದ್ರೆ ಬ್ರೇನ್ ಶಾರ್ಪ್ ಆಗುತ್ತೆ ಅಂತ ಸೈಂಟಿಫಿಕ್ಕಾಗಿ ಪ್ರೂವ್ ಆಗಿದೆ’ ಅಂತ ಹೇಳೋರು ಪ್ರತಿ ಹಾಸ್ಟೆಲ್ ರೂಮಲ್ಲೂ ಒಬ್ಬರಾದರೂ ಇರ್ತಾರೆ. ಈ ಮಾತಿನ ಮೂಲ ಹುಡುಕಿದ್ರೆ ಸಿಗೋದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ. ಅಮೆರಿಕದ 36 ಜನ ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾ ಕೇಳಿಸಿ, ಕಾಗದ ಮಡಚಿ ಕತ್ತರಿಸಿದ್ರೆ ಬಿಚ್ಚಿದಾಗ ಹೇಗೆ ಕಾಣುತ್ತೆ ಅನ್ನೋ ಥರದ ಪ್ರಶ್ನೆ ಕೊಟ್ಟರು. ಸುಮ್ಮನೆ ಕೂತಿದ್ದಾಗಿಗಿಂತ ಚೆನ್ನಾಗಿ ಮಾಡಿದ್ರು. ಆದರೆ ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ ಅಷ್ಟೇ ಅಂತ ಅದೇ ಬರಹದಲ್ಲಿದೆ. ಹದಿನೈದು ನಿಮಿಷ! ನಮ್ಮ ಕಾಲೇಜು ಗೇಟಿಂದ ಎಕ್ಸಾಂ ಹಾಲ್ ಹುಡುಕಿ, ಸೀಟ್ ನಂಬರ್ ನೋಡಿ ಕೂರೋಷ್ಟರಲ್ಲಿ ಮುಗಿದುಹೋಗುತ್ತೆ. ಆದ್ರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡೋಕೆ ಬಜೆಟ್ಟಲ್ಲಿ ದುಡ್ಡು ಕೇಳಿದರು. ಸುದ್ದಿ ಹೇಗೆ ಉಬ್ಬುತ್ತೆ ನೋಡಿ, ಆಗ ವಾಟ್ಸಾಪೂ ಇರಲಿಲ್ಲ.

ಆಮೇಲೆ 2001ರಲ್ಲಿ ಕೆನಡಾದ ಸಂಶೋಧಕರು ಇದನ್ನೇ ಕೆದಕಿ ನೋಡಿದರು. ಒಂದು ಗುಂಪಿಗೆ ಲವಲವಿಕೆಯ ಮೊಜಾರ್ಟ್, ಇನ್ನೊಂದಕ್ಕೆ ನಿಧಾನವಾದ ದುಃಖದ ಅಲ್ಬಿನೋನಿ. ಲಾಭ ಕಂಡಿದ್ದು ಮೊದಲನೆಯದರಲ್ಲಿ ಮಾತ್ರ. ಮನಸ್ಸು ಎಷ್ಟು ಖುಷಿಯಾಗಿತ್ತು, ಮೈ ಎಷ್ಟು ಚುರುಕಾಗಿತ್ತು ಅನ್ನೋದನ್ನ ಲೆಕ್ಕದಿಂದ ತೆಗೆದು ನೋಡಿದಾಗ ಮೊಜಾರ್ಟನ ಮಹಿಮೆಯೂ ಹೆಚ್ಚುಕಡಿಮೆ ಮಾಯ. ಅಂದ್ರೆ ಕೆಲಸ ಮಾಡಿದ್ದು ಹುರುಪು. ನಮ್ಮ ಟ್ರ್ಯಾಕ್ಟರ್ ಡ್ರೈವರಿಗೆ ಈ ಪೇಪರ್ ಓದದೇನೇ ಗೊತ್ತಿರೋ ವಿಷಯ. ಓದೋಕೆ ಕೂರೋಕೆ ಮುಂಚೆ ಎರಡು ಹಾಡು ಕೇಳಿ ಹುರುಪು ತಂದುಕೊಳ್ಳೋದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಪುಸ್ತಕ ತೆಗೆದಮೇಲೂ ಅದು ಕಿವಿಯಲ್ಲಿ ಓಡ್ತಾ ಇರಬೇಕಾ ಅನ್ನೋದು ಬೇರೆ ಪ್ರಶ್ನೆ.

ಅದಕ್ಕೆ ಉತ್ತರ ನನಗೆ ಮೊದಲು ಸಿಕ್ಕಿದ್ದು ನಮ್ಮಜ್ಜಿಯಿಂದ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಬೀಸುವ ಪದ ಅಂದ್ರೆ ಏನು ಅಂತ ಗೊತ್ತಾಗಿದ್ದು ಇದೇ ಕ್ಲಬ್ಬಿನಲ್ಲಿ ‘ಗರತಿಯ ಹಾಡು’ ಬಗ್ಗೆ ಮಾತು ಬಂದಾಗ. ಹಲಸಂಗಿ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ಕೂಡಿಸಿ 1931ರಲ್ಲಿ ತಂದ ಪುಸ್ತಕ. ಮನೆಗೆ ಹೋಗಿ ಅಜ್ಜಿಗೆ ಕೇಳಿದೆ, ನೀನೂ ಹಾಡ್ತಿದ್ಯಾ ಅಂತ. ‘ಹಾಡ್ದೆ ಇದ್ರೆ ತೋಳು ನೋಯೋದು ಗೊತ್ತಾಗ್ತಿತ್ತು ಕಣಪ್ಪಾ, ಅದಕ್ಕೇ ಹಾಡ್ತಿದ್ವಿ’ ಅಂದಳು. ಬೆಳಗಿನ ಜಾವ ಎದ್ದು ಇಬ್ಬರು ಎದುರುಬದುರು ಕೂತು ಜೋಳ ಬೀಸೋದು, ಕಲ್ಲು ಒಂದು ಸುತ್ತು ಬರೋದಕ್ಕೂ ಪದದ ಸಾಲಿಗೂ ಸರಿಹೋಗೋದು. ನಾಟಿ ಹಾಕುವಾಗಲೂ ಅಷ್ಟೇ. ಹಿಟ್ಟಿನ ಗಿರಣಿ ಬಂತು, ಪದ ಹೋಯ್ತು.

ಆಮೇಲೆ ಅಜ್ಜಿ ತಾನಾಗೇ ಇನ್ನೊಂದು ಹೇಳಿದಳು. ಕಣದಲ್ಲಿ ರಾಶಿ ಅಳೆಯುವಾಗ ಮಾತ್ರ ಯಾರೂ ಹಾಡ್ತಿರಲಿಲ್ವಂತೆ. ಕೊಳಗದಲ್ಲಿ ಅಳೆಯೋನು ಮೊದಲನೇದಕ್ಕೆ ಒಂದು ಅನ್ನದೆ ‘ಲಾಭ’ ಅಂತ ಶುರು ಮಾಡಿ ಎಣಿಸ್ತಾ ಹೋಗ್ತಾನೆ. ಆಗ ಹತ್ತಿರ ನಿಂತು ಮಾತಾಡೋ ಹಾಗಿಲ್ಲ, ಮಕ್ಕಳು ಗಲಾಟೆ ಮಾಡಿದ್ರೆ ಓಡಿಸ್ತಿದ್ರು. ‘ಎಣಿಕೆ ತಪ್ಪಿದ್ರೆ ಮತ್ತೆ ಮೊದಲಿಂದ ಅಳೀಬೇಕಲ್ಲ.’ ಅದೇ ಜನ, ಅದೇ ದಿನ, ಅದೇ ಕಣ. ತೂರುವಾಗ ಹಾಡು, ಅಳೆಯುವಾಗ ಮೌನ. ಯಾವ ಕೆಲಸಕ್ಕೆ ಹಾಡು, ಯಾವುದಕ್ಕೆ ಇಲ್ಲ ಅನ್ನೋ ಫೈಲು ಇವರ ಹತ್ತಿರ ಕ್ಲಿಯರ್ ಆಗಿತ್ತು.

ಈ ಎಣಿಕೆ ತಪ್ಪೋ ವಿಷಯವನ್ನೇ ಮನಶ್ಶಾಸ್ತ್ರದವರು ಐವತ್ತು ವರ್ಷದಿಂದ ಅಳೀತಾ ಬಂದಿದ್ದಾರೆ. ಕಣ್ಣಿಂದ ಓದಿದ್ದನ್ನ ನಾವು ತಲೆಯೊಳಗೆ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಾ ಸಾಲಾಗಿ ಹಿಡಿದಿಟ್ಟುಕೊಳ್ತೀವಿ. ಕಿವಿಯಿಂದ ಇನ್ನೊಂದು ಮಾತು ಒಳಗೆ ಬಂದ್ರೆ ಆ ಸಾಲು ಕಲಸಿಹೋಗುತ್ತೆ, ನಾವು ಅದರ ಕಡೆ ಗಮನ ಕೊಡದೇ ಇದ್ರೂನೂ. 1976ರ ಒಂದು ಪ್ರಯೋಗ ನನಗೆ ಬಹಳ ಮಜಾ ಅನ್ನಿಸಿತು. ಕೋಲ್ ಮತ್ತು ವೆಲ್ಷ್ ಅನ್ನೋ ಇಬ್ಬರು, ಅಮೆರಿಕದ ವಿದ್ಯಾರ್ಥಿಗಳಿಗೆ ತೆರೆಮೇಲೆ ಅಕ್ಷರಗಳ ಸಾಲು ತೋರಿಸಿ ನೆನಪಿಟ್ಟುಕೊಳ್ಳಿ ಅಂದರು. ಜೊತೆಗೆ ಕಿವಿಯಲ್ಲಿ ಜರ್ಮನ್ ಓದು. ಅವರಿಗೆ ಜರ್ಮನ್ ಬರಲ್ಲ. ಆದರೂ ತಪ್ಪು ಹೆಚ್ಚಾದವು. ಇದು ಕೊರಿಯನ್ ಹಾಡು ಹಾಕ್ಕೊಂಡು ಓದೋ ನನ್ನ ಗೆಳತಿಯರಿಗೆ ವಿಶೇಷವಾಗಿ ಅರ್ಪಣೆ. ‘ಅರ್ಥ ಆಗಲ್ವಲ್ಲೋ, ಡಿಸ್ಟರ್ಬ್ ಹೆಂಗಾಗುತ್ತೆ?’ ಅಂತಾರೆ. ಹಂಗೇ ಆಗುತ್ತೆ. ಮುಂದೆ ಬ್ಯಾಡ್ಲಿ ಮತ್ತು ಸಲಾಮೆ ಅನ್ನೋರು ಸಂಗೀತದಲ್ಲೇ ನೋಡಿದಾಗ, ಮಾತಿರೋ ಹಾಡು ಬರೀ ವಾದ್ಯಕ್ಕಿಂತ ಹೆಚ್ಚು ಕೆಡಿಸೋದು ಕಂಡಿತು. 2014ರಲ್ಲಿ ಬ್ರಿಟನ್ನಿನಲ್ಲಿ ಓದಿ ಅರ್ಥ ಮಾಡಿಕೊಳ್ಳೋ ಪರೀಕ್ಷೆ ಕೊಟ್ಟು ನೋಡಿದಾಗಲೂ ಇದೇ ಕಥೆ: ಸಾಹಿತ್ಯ ಇರೋ ಹಾಡು ಇಷ್ಟದ್ದಾದ್ರೂ ಕಷ್ಟದ್ದಾದ್ರೂ ಮಾರ್ಕ್ಸ್ ಇಳಿಸಿತು.

‘ಇಷ್ಟದ ಹಾಡು ಹಾಕ್ಕೊಂಡ್ರೆ ಓದು ಒಳಗೆ ಹೋಗುತ್ತೆ’ ಅನ್ನೋ ನಂಬಿಕೆ ಅಲ್ಲಿಗೆ ಬಿದ್ದಂಗೆ. ಇಷ್ಟದ ಹಾಡಲ್ಲಿ ಹೆಚ್ಚಾಗೋದು ಕೂತಿರೋ ಹೊತ್ತು. ಎರಡು ಗಂಟೆ ಖುಷಿಯಾಗಿ ಕೂತೆವು ಅನ್ನೋದು ನಿಜ, ಎರಡು ಗಂಟೆ ಓದಿದೆವು ಅನ್ನೋದು ಬೇರೆ ಲೆಕ್ಕ. ಡೆರಿವೇಶನ್ ಅಂದ್ರೇನು, ಸಾಲಿನ ಮೇಲೆ ಸಾಲು. ಒಂದು ಸ್ಟೆಪ್ ಹಿಂದೆಮುಂದೆ ಆದ್ರೆ ಮುಗೀತು. ಅದು ರಾಶಿ ಅಳೆಯೋ ಕೆಲಸ.

ಹಾಗಂತ ನಮ್ಮ ಕೋರ್ಸಲ್ಲಿ ಬೀಸೋ ಕೆಲಸ ಇಲ್ವಾ? ಬೇಕಾದಷ್ಟಿದೆ. ಲ್ಯಾಬ್ ರೆಕಾರ್ಡ್ ಬರೆಯೋದಕ್ಕಿಂತ ದೊಡ್ಡ ಬೀಸುವ ಕೆಲಸ ಇನ್ಯಾವುದಿದೆ ಹೇಳಿ. ಸೀನಿಯರ್ ರೆಕಾರ್ಡ್ ಎದುರಿಗೆ ಇಟ್ಕೊಂಡು ಗ್ರಾಫ್ ಶೀಟ್ ಅಂಟಿಸೋದು, ಇಂಡೆಕ್ಸ್ ತುಂಬೋದು, ಅಸೈನ್‌ಮೆಂಟ್ ಕಾಪಿ ಹೊಡೆಯೋದು. ಅಲ್ಲಿ ಯಾವ ಹಾಡಾದ್ರೂ ಹಾಕಿ, ಡೊಳ್ಳು ಹಾಕಿ, ಡಿಜೆ ಹಾಕಿ. ಗೊತ್ತಿರೋ ಪ್ರಾಬ್ಲಂಗಳನ್ನೇ ಹತ್ತು ಸಲ ಬಿಡಿಸಿ ಕೈ ಕೂರಿಸೋವಾಗ ವಾದ್ಯಸಂಗೀತ ಓಕೆ. ನನಗೆ ದೊರೆಸ್ವಾಮಿ ಅಯ್ಯಂಗಾರರ ವೀಣೆ ಮತ್ತು ರಾಜೀವ ತಾರಾನಾಥರ ಸರೋದ್ ಹಿಡಿಸಿವೆ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಮಾತ್ರ ಬೇಡ, ಅದು ಪೆನ್ ಕೆಳಗಿಡಿಸಿ ಕೇಳಿಸಿಕೊಳ್ಳುತ್ತೆ. ಹೊಸ ಥಿಯರಿ ಓದುವಾಗ ಇದ್ಯಾವುದೂ ಬೇಡ. ಇನ್ನು ‘ಆಲ್ಫಾ ವೇವ್ಸ್ 10 ಗಂಟೆ’ ವಿಡಿಯೋಗಳ ಬಗ್ಗೆ ಬರೆಯೋಷ್ಟು ಜಾಗ ಇಲ್ಲ. ಮಧ್ಯೆ ಜಾಹೀರಾತು ಬಂದು ಎದೆ ಝಲ್ ಅನ್ನೋದೊಂದೇ ಅದರಲ್ಲಿ ನಾನು ಕಂಡ ವೇವು.

ಇಷ್ಟೆಲ್ಲ ಹೇಳಿದಮೇಲೆ ನೀವು ಕೇಳಬಹುದು, ನೀನ್ಯಾಕೆ ಬಸ್ಸಲ್ಲೂ ಮನೇಲೂ ಇಯರ್‌ಫೋನ್ ತೆಗೆಯಲ್ಲ ಅಂತ. ನನ್ನ ಅಸಲಿ ವಿಷಯ ಇಲ್ಲಿಂದ ಶುರು.

ನಮ್ಮಲ್ಲಿ ಬಹಳ ಜನ ಹಾಡು ಹಾಕ್ಕೊಳ್ಳೋದು ಮೋಟಿವೇಶನ್‌ಗಲ್ಲ. ಇನ್ನೊಂದು ಸದ್ದು ತಡೆಯೋಕೆ. ನಮ್ಮದು ನಡುಮನೆ, ಒಂದು ರೂಮು, ಅಡುಗೆಮನೆ. ನಡುಮನೇಲಿ ಟಿವಿ, ಸೀರಿಯಲ್ ಏಳಕ್ಕೆ ಶುರುವಾದ್ರೆ ಹತ್ತರ ತನಕ. ರೂಮಲ್ಲಿ ಅಜ್ಜಿ ಮಲಗೋದು. ಹೊರಗೆ ಟ್ರ್ಯಾಕ್ಟರು. ಊರಲ್ಲಿ ಯಾರದ್ದಾದ್ರೂ ಮದುವೆ, ಗೃಹಪ್ರವೇಶ, ದೇವರ ಕಾರ್ಯ ಇದ್ರೆ ಮೈಕು. ಬಾಗಿಲು ಹಾಕ್ಕೊಂಡು ಓದು ಅನ್ನೋರಿಗೆ ಗೊತ್ತಿಲ್ಲ, ಬಾಗಿಲು ಹಾಕ್ಕೊಳ್ಳೋಕೆ ನಮಗೆ ಅಂತ ಒಂದು ರೂಮು ಇರಬೇಕು. ಇಯರ್‌ಫೋನೇ ನಮ್ಮ ಬಾಗಿಲು. ಸ್ವಂತ ರೂಮು, ಸ್ವಂತ ಟೇಬಲ್ಲು ಇರೋನು ಪ್ಲೇಲಿಸ್ಟ್ ಬೇಕಾ ಬೇಡ್ವಾ ಅಂತ ಆರಿಸ್ತಾನೆ. ನಾವು ಯಾವ ಸದ್ದು ಕೇಳೋದು ಅಂತ ಮಾತ್ರ ಆರಿಸ್ತೀವಿ.

ಅದೂ ಪೂರ್ತಿ ಕೆಲಸ ಮಾಡಲ್ಲ. ಗೆಳೆಯನ ಹತ್ತಿರ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇಸ್ಕೊಂಡು ಒಂದು ವಾರ ನೋಡಿದೆ. ಒಂದೇ ಸಮನೆ ಬರೋ ದಪ್ಪ ಸದ್ದನ್ನ ಅದು ಚೆನ್ನಾಗಿ ಅಳಿಸುತ್ತೆ, ಮಾತು ಮತ್ತು ಹಾಡನ್ನ ಅಷ್ಟು ಚೆನ್ನಾಗಿ ಅಳಿಸಲ್ಲ. ಪರಿಣಾಮ, ಟ್ರ್ಯಾಕ್ಟರಿನ ಇಂಜಿನ್ ಸದ್ದು ಮಾಯವಾಗಿ ಹಾಡು ಸ್ಟುಡಿಯೋ ಕ್ವಾಲಿಟಿಯಲ್ಲಿ ಕೇಳೋಕೆ ಶುರುವಾಯ್ತು! ಹೊರಗಿನ ಸದ್ದು ಮುಚ್ಚೋಕೆ ವಾಲ್ಯೂಮ್ ಏರಿಸಿದ್ರೆ ಕಿವಿ ಹಾಳು. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಸ್ಟಡಿ ಹಾಲಿಡೇಸಲ್ಲಿ ನಲವತ್ತು ಗಂಟೆ ನಾಲ್ಕು ದಿನಕ್ಕೆ ಮುಗಿಯುತ್ತೆ. ಸದ್ಯಕ್ಕೆ ನನಗೆ ಸಿಕ್ಕಿರೋ ಅಗ್ಗದ ಉಪಾಯ ಸೀಲಿಂಗ್ ಫ್ಯಾನು. ಏರಿಳಿತ ಇಲ್ಲದ ಸದ್ದು ಓದಿಗೆ ಅಷ್ಟಾಗಿ ಅಡ್ಡ ಬರಲ್ಲ. ಡಿಸೆಂಬರ್ ಚಳೀಲಿ ಕಂಬಳಿ ಹೊದ್ದು ಫ್ಯಾನ್ ಹಾಕ್ಕೊಂಡು ಕೂತ್ರೆ ಅವ್ವ ‘ಇವನಿಗೆ ಏನಾಗೈತ್ರೀ’ ಅಂತ ಅಪ್ಪನ್ನ ಕೇಳ್ತಾಳೆ.

ಕಾನೂನೇನೋ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ ಹರಿದಿನಕ್ಕೆ ಅಂತ ಸರ್ಕಾರ 12ರವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಜನವಸತಿ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹತ್ತೇ ತಾನೇ ವ್ಯತ್ಯಾಸ ಅನ್ನಬೇಡಿ, ಲಾಗ್ ಸ್ಕೇಲು, ಹತ್ತು ಪಟ್ಟು. ಆದರೆ ಪಕ್ಕದ ಮನೆ ಮದುವೆಗೆ, ಅಲ್ಲೇ ಊಟ ಮಾಡಿ ಬಂದು 112ಕ್ಕೆ ಫೋನ್ ಮಾಡೋ ಧೈರ್ಯ ಯಾರಿಗಿದೆ? ನನಗಿಲ್ಲ, ಇರಬೇಕು ಅಂತಲೂ ಅನ್ನಿಸಲ್ಲ. ಟ್ರ್ಯಾಕ್ಟರ್ ನಿಲ್ಲಿಸಿ ‘ಅಣ್ಣಾ, ಎಂ-ತ್ರೀ ಎಕ್ಸಾಂ ಐತೆ’ ಅಂದ್ರೆ ಅವನು ಊರು ದಾಟೋ ತನಕ ಸದ್ದು ಕಡಿಮೆ ಮಾಡಬಹುದು. ಹಿಂದೆ ಇನ್ನೂ ಮೂವತ್ತು ಟ್ರ್ಯಾಕ್ಟರ್ ಇರ್ತಾವೆ.

ಅದಕ್ಕೇ ನಾನು ಹೇಳೋದು, ಸದ್ದು ನಿಲ್ಲಿಸೋಕೆ ಹೋಗೋದಕ್ಕಿಂತ ಸದ್ದಿಲ್ಲದ ಜಾಗ ಕೇಳೋದು ಸುಲಭ. ಕಾಲೇಜಿನ ರೀಡಿಂಗ್ ರೂಮು ಪರೀಕ್ಷೆ ಟೈಮಲ್ಲಿ ರಾತ್ರಿವರೆಗೂ ತೆಗೆದಿಡಿ ಅಂತ ಕೇಳೋಣ, ಹಾಸ್ಟೆಲಿನವರಿಗೆ, ಪಿಜಿಯವರಿಗೆ ಅದು ಸಾಕು. ಆದರೆ ಬಸ್ಸಿನವರಿಗೆ ಅದರಿಂದ ಏನೂ ಆಗಲ್ಲ. ನಮಗೆ ಊರಿನ ಕಡೆ ಹೋಗೋ ಸಂಜೆ ಬಸ್ಸು ತಪ್ಪಿದ್ರೆ ಮುಂದೆ ಆಟೋದವರ ಕರುಣೆ. ಹಾಗಾಗಿ ನಮ್ಮ ಜಾಗ ನಮ್ಮೂರಲ್ಲೇ ಆಗಬೇಕು. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನ ‘ಅರಿವು ಕೇಂದ್ರ’ ಅಂತ ಮಾಡಿದ್ದಾರೆ. ಕುರ್ಚಿ, ಟೇಬಲ್ಲು, ಲೈಟು, ಎಷ್ಟೋ ಕಡೆ ಕಂಪ್ಯೂಟರೂ ಇದೆ. ನಾವು ಕಾಲೇಜಿಂದ ಊರು ಮುಟ್ಟೋಷ್ಟರಲ್ಲಿ ಬೀಗ ಬಿದ್ದಿರುತ್ತೆ ಅನ್ನೋದೊಂದೇ ಕಷ್ಟ. ಪರೀಕ್ಷೆ ನಡೆಯೋ ಒಂದೂವರೆ ತಿಂಗಳು ರಾತ್ರಿ ಹತ್ತರ ತನಕ ಬೀಗ ತೆಗೆದಿಡಿ ಅಂತ ಪಂಚಾಯಿತಿಗೆ ಕೇಳಬಹುದು. ಗ್ರಂಥಪಾಲಕರನ್ನೇ ರಾತ್ರಿ ತನಕ ಕೂರಿಸೋದು ನ್ಯಾಯ ಅಲ್ಲ, ಅವರಿಗೂ ಮನೆ ಇದೆ. ಓದೋಕೆ ಬರೋ ನಾವೇ ಸರದಿ ಮೇಲೆ ಕೀಲಿಕೈ ಜವಾಬ್ದಾರಿ ತಗೋಬಹುದು, ಪಿಯುಸಿಯವರೂ ಎಸ್ಸೆಸ್ಸೆಲ್ಸಿಯವರೂ ಸೇರ್ತಾರೆ. ಅವರ ಪರೀಕ್ಷೆಯೂ ಕಬ್ಬಿನ ಹಂಗಾಮಿನ ಹಿಂದೇನೇ ಬರುತ್ತೆ.

ಕ್ಲಬ್ಬಿಗೆ ನನ್ನ ಕೋರಿಕೆ ಇಷ್ಟು. ಪ್ಲೇಲಿಸ್ಟ್ ಹಾಕಿ, ಎರಡು ಭಾಗ ಮಾಡಿ ಹಾಕಿ: ಓದೋಕೆ ಮುಂಚೆ ಕೇಳೋ ಹಾಡು ಹತ್ತು ನಿಮಿಷದ್ದು, ರೆಕಾರ್ಡ್ ಬರೆಯೋ ಹಾಡು ಎಷ್ಟು ಉದ್ದ ಇದ್ರೂ ಸರಿ. ಅದರ ಜೊತೆಗೆ ಅರಿವು ಕೇಂದ್ರಕ್ಕೆ ಕೊಡೋ ಅರ್ಜಿಯ ಒಂದು ನಮೂನೆಯನ್ನೂ ಹಾಕಿ, ಊರಿನ ಹೆಸರು ತುಂಬಿಕೊಂಡು ಯಾರು ಬೇಕಾದ್ರೂ ಅವರವರ ಪಂಚಾಯಿತಿಗೆ ಕೊಡೋ ಹಾಗೆ. ಕುಕ್ಕುವಾಡದ್ದನ್ನ ನಾನು ಬರೆದಿದ್ದೀನಿ. ಕನ್ನಡದಲ್ಲಿ ಅರ್ಜಿ ಬರೆಯೋದು ಇದೇ ಮೊದಲು, ‘ಮಾನ್ಯರೇ’ ಆದಮೇಲೆ ಏನು ಬರೀಬೇಕು ಅಂತ ಅಪ್ಪನ್ನ ಕೇಳಿ ಬರೆದೆ. ನಮ್ಮ ಕಡೆಯಿಂದ ಬರೋ ಬಸ್ಸಿನವರು, ಹರಿಹರ ಕಡೆಯವರು ಯಾರಾದ್ರೂ ಇದ್ರೆ ಗುರುವಾರ ಮಧ್ಯಾಹ್ನ ಕ್ಯಾಂಟೀನ್ ಹಿಂದಿನ ಕಟ್ಟೆ ಹತ್ತಿರ ಸಿಗ್ತೀನಿ, ಓದಿ ತಪ್ಪಿದ್ರೆ ತಿದ್ದಿ ಸಹಿ ಹಾಕಿ.